‘ಟೈಮ್’ ಅಂದ್ರೆ ಗಂಟೆಯಾ, ಮಳೆಯಾ?

ಪ್ರಶ್ನೆ: ನನ್ನ ತಮ್ಮ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಅವನ ಜೊತೆ ಬಲ್ಗೇರಿಯಾದ ವಾರ್ನಾ ಊರಿನ ಇಬ್ಬರಿದ್ದಾರೆ. ಟೈಮ್, ಟುನೈಟ್ ಥರದ ದಿನಬಳಕೆಯ ಪದಗಳಿಗೆ ಅವರ ಭಾಷೆಯಲ್ಲಿ ಏನಂತಾರೆ ಅಂತ ಪಟ್ಟಿ ಮಾಡಿ ಕಳಿಸು ಅಕ್ಕ ಅಂದ. ಫೋನಿನಲ್ಲಿ ಟೈಮ್ ಅಂತ ಹಾಕಿದರೆ ‘ವ್ರೆಮೆ’ ಅಂತ ಬಂತು. ಅವನು ಗಂಟೆ ಕೇಳಲಿಕ್ಕೆ ‘ವ್ರೆಮೆ?’ ಅಂದರೆ, ಅವರು ಆಕಾಶ ನೋಡಿ ಮಳೆ ಬರಲಿಕ್ಕಿಲ್ಲ ಅಂದರಂತೆ. ತಪ್ಪಿದ್ದೆಲ್ಲಿ?
– ಓದುಗರು, ಪಣಂಬೂರು

ಉತ್ತರ: ಪದ ಸರಿಯೇ ಇದೆ, ಜಾಗ ತಪ್ಪಿದೆ. ವ್ರೆಮೆ ಅಂದರೆ ಸಮಯವೂ ಹೌದು, ಹವಾಮಾನವೂ ಹೌದು. ‘ನನಗೆ ಪುರುಸೊತ್ತಿಲ್ಲ’ ಅನ್ನಲಿಕ್ಕೆ ‘ನ್ಯಾಮಮ್ ವ್ರೆಮೆ’ ಅಂದರೆ ಆಯ್ತು. ಗಂಟೆ ಕೇಳಲು ಮಾತ್ರ ‘ಕೋಲ್ಕೊ ಎ ಚಸತ್?’ ಅನ್ನಬೇಕು. ಕೋಲ್ಕೊ ಅಂದರೆ ಎಷ್ಟು, ಚಸತ್ ಅಂದರೆ ಗಂಟೆ. ನಾವು ‘ಗಂಟೆ ಎಷ್ಟು’ ಅಂತ ಕೇಳ್ತೇವಲ್ವಾ, ಅದೇ! ಅದಕ್ಕೇ ಹೇಳೋದು, ಪಟ್ಟಿಯನ್ನು ಇಂಗ್ಲಿಷಿನಿಂದ ಶುರು ಮಾಡಬೇಡಿ. ಕನ್ನಡದಿಂದ ಮಾಡಿ.

‘ಮೂರು ಸರ್ತಿ ಫೋನ್ ಮಾಡಿದೆ’ ಅನ್ನುವಾಗಿನ ಸರ್ತಿಗೂ ಇಂಗ್ಲಿಷಿನಲ್ಲಿ ಟೈಮ್ ಎಂದೇ ಇದೆ. ಬಲ್ಗೇರಿಯನ್ನರು ಅಲ್ಲಿ ‘ಪತ್’ ಅಂತಾರೆ. ಎರಡು ಸರ್ತಿ ಅಂದರೆ ದ್ವಾ ಪತಿ, ಮೂರಾದರೆ ತ್ರಿ ಪತಿ. ಒಂದೇ ಸರ್ತಿಗೆ ಬೇರೆ ಪದ, ವೆದ್ನಶ್. ಈ ಪತ್‌ಗೆ ದಾರಿ ಅನ್ನೋ ಅರ್ಥವೂ ಇದೆ. ನಮಗೆ ಸಂಸ್ಕೃತದಿಂದ ಬಂದ ‘ಪಥ’ಕ್ಕೆ ಇದು ದೂರದ ನೆಂಟ, ಇದನ್ನು ಮೊದಲ ಸಲ ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಜಾಸ್ತಿ ಎಡವೋದು ‘ಇನ್ ಟೂ ಡೇಸ್’ ಅನ್ನೋದರಲ್ಲಿ. ತಮ್ಮನ ಹಡಗಿನದ್ದೇ ಮಾತು ತೆಗೆದುಕೊಳ್ಳಿ. ರಿಪೇರಿ ಎರಡು ದಿನದಲ್ಲಿ ಮುಗಿಯುತ್ತದೆ, ಎರಡು ದಿನ ಬಿಟ್ಟು ಬಂದರು ಸೇರುತ್ತೇವೆ. ಇಂಗ್ಲಿಷಿಗೆ ಎರಡೂ ಒಂದೇ, ನಮಗೆ ಬೇರೆ, ಅವರಿಗೂ ಬೇರೆ. ದಿನದಲ್ಲಿ ಮುಗಿಯೋದಾದರೆ ‘ಜ಼ಾ ದ್ವಾ ದ್ನಿ’, ದಿನ ಬಿಟ್ಟು ಅನ್ನೋದಾದರೆ ‘ಸ್ಲೆದ್ ದ್ವಾ ದ್ನಿ’. ಎರಡು ದಿನದ ಹಿಂದೆ ಅಂದರೆ ‘ಪ್ರೆದಿ ದ್ವಾ ದ್ನಿ’. ನಮ್ಮ ‘ಹಿಂದೆ’ ಕೊನೆಗೆ ಬರುತ್ತದೆ, ಅವರ ಪ್ರೆದಿ ಮೊದಲೇ ಬರುತ್ತದೆ, ಅಷ್ಟೇ ವ್ಯತ್ಯಾಸ.

ದಿನಗಳು ಸುಲಭ. ಇವತ್ತು ದ್ನೆಸ್, ನಿನ್ನೆ ವ್ಚೆರಾ, ನಾಳೆ ಉತ್ರೆ. ಮೊನ್ನೆಗೆ ಜ಼ಾವ್ಚೆರಾ, ನಾಳಿದ್ದಿಗೆ ವ್ದ್ರುಗಿದೆನ್. ತುಳುವಿನ ಮುರಾನಿ, ಎಲ್ಲಂಜಿ ಇದ್ದ ಹಾಗೆ ಒಂದೊಂದೇ ಪದ. ಇವತ್ತು ರಾತ್ರಿಗೆ, ಅಂದರೆ ಊಟದ ಹೊತ್ತಿಗೆ ಸಿಗೋಣ ಅನ್ನುವಾಗ, ದೊವೆಚೆರಾ. ಕಳೆದ ರಾತ್ರಿ ಸ್ನೋಶ್ತಿ.

ವಾರದ ಹೆಸರುಗಳಲ್ಲಿ ನಮ್ಮ ಹಾಗೆ ಗ್ರಹಗಳಿಲ್ಲ, ಕೆಲವಕ್ಕೆ ಲೆಕ್ಕವೇ ಹೆಸರು. ಮಂಗಳವಾರ ವ್ತೋರ್ನಿಕ್, ಎರಡನೆಯದು. ಶುಕ್ರವಾರ ಪೆತಕ್, ಐದನೆಯದು. ಸೋಮವಾರದಿಂದ ಎಣಿಸಿದರೆ ಸರಿ ಬರುತ್ತದೆ.

ಇನ್ನೊಂದನ್ನು ತಮ್ಮನಿಗೆ ಮರೆಯದೆ ಹೇಳಿ. ಅವನು ‘ಉತ್ರೆ?’ ಅಂತ ಕೇಳಿದಾಗ ಅವರು ತಲೆಯನ್ನು ಅಡ್ಡಕ್ಕೆ ಆಡಿಸಿದರೆ ಬೇಜಾರು ಮಾಡೋದು ಬೇಡ, ಅಲ್ಲಿನ ಜನ ‘ಹೌದು’ ಅನ್ನೋದು ಹಾಗೇ.