ಪ್ರತಿಕ್ರಿಯೆ: ಡೈನೋಸಾರ್‌ಗಳ 'ಸೃಷ್ಟಿಯ ಬಗೆ'ಗಳನ್ನು ಲೆಕ್ಕ ಹಾಕಿ ತೋರಿಸಬಹುದಾ?

ದೇವರು ಡೈನೋಸಾರ್‌ಗಳನ್ನು ಬೇರೆ ಬೇರೆ ಬಗೆಯಾಗಿ ಸೃಷ್ಟಿಸಿದ ಅಂತ ಸಂಖ್ಯಾಶಾಸ್ತ್ರ ಸಾಬೀತು ಮಾಡುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಮಾಡುವುದಿಲ್ಲ.

ಜೀವಿಗಳನ್ನು ದೇವರೇ ಬೇರೆ ಬೇರೆ ಬಗೆಯಾಗಿ ಸೃಷ್ಟಿಸಿದ ಅನ್ನುವ ಸೃಷ್ಟಿವಾದಿಗಳು ಹೀಗೆ ಬಗೆಗಳನ್ನು ಗುರುತಿಸುವ ಪದ್ಧತಿಗೆ ಬಾರಾಮಿನಾಲಜಿ ಅಂತ ಹೆಸರು. ಮೂಳೆಯ ಒಂದೊಂದು ಲಕ್ಷಣಕ್ಕೂ ಅಂಕಿ ಕೊಟ್ಟು, ಯಾವ ಎರಡು ಪ್ರಾಣಿಗಳ ನಡುವೆ ಎಷ್ಟು ವ್ಯತ್ಯಾಸ ಇದೆ ಅಂತ ಲೆಕ್ಕ ಹಾಕುತ್ತಾರೆ, ನಡುವೆ ದೊಡ್ಡ ಅಂತರ ಕಂಡರೆ ಬೇರೆ ಬಗೆ ಅನ್ನುತ್ತಾರೆ. ತೊಡಕಿರುವುದು ಇಲ್ಲೇ. ನಮ್ಮ ದಾವಣಗೆರೆ ಕಡೆಯ ಸಂತೆಗೆ ಬರುವ ಹಸು, ಎಮ್ಮೆ, ಕೋಳಿ ಮೂರನ್ನೂ ಪಟ್ಟಿಗೆ ಹಾಕಿ ನೋಡಿ, ಹಸು ಎಮ್ಮೆ ಒಂದೇ ಗುಂಪಾಗುತ್ತವೆ. ಕೋಳಿ ತೆಗೆದು ಹತ್ತಾರು ತಳಿಯ ಹಸು, ಎಮ್ಮೆ ಮಾತ್ರ ಇಟ್ಟರೆ ಅವೇ ಎರಡು ಗುಂಪಾಗಬಹುದು, ಅಲ್ವಾ? ಪಳೆಯುಳಿಕೆಯಲ್ಲಂತೂ ಎಷ್ಟೋ ಮೂಳೆಗಳು ಸಿಕ್ಕಿರುವುದೇ ಇಲ್ಲ.

2010ರಲ್ಲಿ ಫಿಲ್ ಸೆಂಟರ್ ಎಂಬ ವಿಜ್ಞಾನಿ ಸೃಷ್ಟಿವಾದಿಗಳು ಬಳಸುವ ಲೆಕ್ಕವನ್ನೇ ಹಾಕಿ ನೋಡಿದರು. ಆರ್ಕಿಯಾಪ್ಟೆರಿಕ್ಸ್ ಎಂಬ ಬಹಳ ಹಳೆಯ ಹಕ್ಕಿ, ಬೇರೆ ಹಳೆಯ ಹಕ್ಕಿಗಳು, ಹಲವು ಡೈನೋಸಾರ್‌ಗಳು, ಇವುಗಳ ನಡುವೆ ಅಂತರವೇ ಕಾಣಲಿಲ್ಲ! ಅಂದರೆ ಅವರದೇ ಲೆಕ್ಕದ ಪ್ರಕಾರ ಇವು ಬೇರೆ ಬೇರೆ ಬಗೆ ಅನ್ನಲು ಆಗುವುದಿಲ್ಲ. ನನಗೆ ತುಂಬಾ ಇಷ್ಟವಾದ ಕೆಲಸ ಇದು.

ಚಿತ್ರದುರ್ಗದ ಬಂಡೆಗಳಲ್ಲಿ ಡೈನೋಸಾರ್ ಸಿಗುತ್ತದಾ ಅಂತಲೂ ಕೇಳಿದ್ದಿರಿ. ಸಿಗುವುದಿಲ್ಲ, ಆ ಬಂಡೆಗಳು ಸುಮಾರು 250 ಕೋಟಿ ವರ್ಷಕ್ಕಿಂತ ಹಳೆಯವು, ಡೈನೋಸಾರ್‌ಗಳು ಹುಟ್ಟಿದ್ದು ಅದಾಗಿ ಬಹಳ ಕಾಲದ ಮೇಲೆ.