ವೈಡಲ್ ‘ಪಾಯಿಂಟ್’ ಹಿಡಿದುಕೊಂಡು ಟೈಫಾಯ್ಡ್ ಹುಡುಕಬೇಡಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೇ ಚೀಟಿಯ ಫೋಟೋ ಮತ್ತೆ ಮತ್ತೆ ಬರುತ್ತಿದೆ: ವೈಡಲ್ ರಿಪೋರ್ಟ್, ಅಂದರೆ ಟೈಫಾಯ್ಡ್ ಹುಡುಕಲೆಂದು ಮಾಡಿಸುವ ರಕ್ತಪರೀಕ್ಷೆಯದು. ಬೇರೆ ಬೇರೆ ಮನೆ, ಬೇರೆ ಬೇರೆ ಊರು, ಆದರೆ ಕೇಳುವುದೆಲ್ಲ ‘ಪಾಯಿಂಟ್ ಜಾಸ್ತಿ ಇದೆ, ಏನು ಮಾಡಲಿ’ ಅಂತಲೇ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಟೈಫಾಯ್ಡ್ ಹೇಗೆ ಹರಡುತ್ತದೆ, ಕೈ ಯಾಕೆ ತೊಳೆಯಬೇಕು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ: ಮಗಳಿಗೆ 11 ವರ್ಷ. ಜ್ವರ ಬಂದ ಎರಡನೇ ದಿನವೇ ಮನೆ ಹತ್ತಿರದ ಲ್ಯಾಬಿನಲ್ಲಿ ವೈಡಲ್ ಮಾಡಿಸಿದೆವು. ಟಿ-ಓ 1:160, ಟಿ-ಎಚ್ 1:160 ಬಂತು. ಐದು ದಿನ ಇಂಜೆಕ್ಷನ್ ಕೊಡಿಸಿದೆವು, ಜ್ವರ ಬಿಟ್ಟಿತು. ಒಂದು ತಿಂಗಳ ಮೇಲೆ ಮತ್ತೆ ಮಾಡಿಸಿದರೆ ಪಾಯಿಂಟ್ ಅಷ್ಟೇ ಇದೆ, ಇಳಿದೇ ಇಲ್ಲ. ಟೈಫಾಯ್ಡ್ ರಕ್ತದಲ್ಲೇ ಕೂತಿದೆ, ಇನ್ನೊಂದು ಕೋರ್ಸ್ ಬೇಕು ಎನ್ನುತ್ತಿದ್ದಾರೆ. ಕೊಡಿಸಲೇ ಡಾಕ್ಟ್ರೇ?

ಉತ್ತರ: ಬೇಡಮ್ಮ. ಮಗುವಿಗೆ ಜ್ವರವಿಲ್ಲ, ಊಟ ಸೇರುತ್ತಿದೆ, ಶಾಲೆಗೆ ಹೋಗುತ್ತಿದ್ದಾಳೆ ಎಂದಾದರೆ ಇಂಜೆಕ್ಷನ್ನೂ ಬೇಡ, ಮೂರನೇ ವೈಡಲ್ಲೂ ಬೇಡ. ಅಷ್ಟೇ ಅಲ್ಲ, ಅವಳಿಗೆ ಬಂದಿದ್ದು ಟೈಫಾಯ್ಡೇ ಎಂದು ಹೇಳಲು ನಿಮ್ಮ ಕೈಯಲ್ಲಿ ಯಾವ ಆಧಾರವೂ ಇಲ್ಲ.

1896ರಲ್ಲಿ ಫ್ರಾನ್ಸಿನ ಫೆರ್ನಾಂಡ್ ವಿಡಾಲ್ ಪ್ರಕಟಿಸಿದ ಈ ಪರೀಕ್ಷೆ ರೋಗಾಣುವನ್ನು ಹುಡುಕುವುದೇ ಇಲ್ಲ. ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಇದೆಯೇ ಎಂದಷ್ಟೇ ನೋಡುತ್ತದೆ. ಟಿ-ಓ, ಟಿ-ಎಚ್ ಎಂದರೆ ಹಾಗೆ ನೋಡುವ ಎರಡು ಬಗೆಯ ಪ್ರತಿಕಾಯಗಳು. ಟಿ-ಓ ಪ್ರತಿಕಾಯ ಏಳಲು ಜ್ವರ ಬಂದು ಸುಮಾರು 6ರಿಂದ 8 ದಿನ ಬೇಕು, ಟಿ-ಎಚ್‌ಗೆ 10ರಿಂದ 12 ದಿನ. ನೀವು ರಕ್ತ ಕೊಟ್ಟಿದ್ದು ಎರಡನೇ ದಿನ. ಅಂದು ಕಂಡ 1:160 ಆ ಜ್ವರದ ಫಲವಾಗಿರುವ ಸಾಧ್ಯತೆ ತೀರಾ ಕಡಿಮೆ. ಎಂದೋ ಬಂದು ಹೋದ ಸೋಂಕಿನದು ಇರಬಹುದು, ಸಾಲ್ಮೊನೆಲ್ಲಾ ಕುಲದ ಬೇರೆ ರೋಗಾಣುವಿನದು ಇರಬಹುದು. ಮಲೇರಿಯಾ, ಡೆಂಗಿಯಂಥ ಜ್ವರಗಳಲ್ಲೂ ವೈಡಲ್ ಪಾಸಿಟಿವ್ ಬರುತ್ತದೆ. ಟೈಫಾಯ್ಡ್ ಓಡಾಡುವ ನಮ್ಮಂಥ ಊರುಗಳಲ್ಲಿ ಗಟ್ಟಿಮುಟ್ಟಾಗಿರುವವರ ರಕ್ತದಲ್ಲೂ 1:80 ಕಾಣುವುದು ಹೊಸದಲ್ಲ. ಇನ್ನು ‘ಇಳಿದಿಲ್ಲ’ ಎಂಬ ಚಿಂತೆ. ಈ ಪ್ರತಿಕಾಯಗಳು, ಅದರಲ್ಲೂ ಟಿ-ಎಚ್, ತಿಂಗಳುಗಟ್ಟಲೆ ಉಳಿಯುತ್ತವೆ. ಗುಣವಾಯಿತೇ ಎಂದು ನೋಡಲು ವೈಡಲ್ ಮಾಡಿಸುವುದು ಶುದ್ಧ ತಪ್ಪು. ಅದನ್ನು ಬರೆದುಕೊಡುವವರ ಮೇಲೆ ನನಗೆ ಸಿಟ್ಟಿದೆ.

ಈ ‘ಪಾಯಿಂಟ್’ ಎಂಬ ಮಾತನ್ನೇ ಬಿಡಿ. 1:160 ಎಂದರೆ ಸೀರಮ್ಮನ್ನು (ರಕ್ತದ ತಿಳಿಯನ್ನು) 160 ಪಾಲಿಗೆ ತೆಳು ಮಾಡಿದರೂ ಆಂಟಿಜನ್ (ಟೈಫಾಯ್ಡ್ ರೋಗಾಣುವಿನಿಂದ ಮಾಡಿದ ದ್ರವ) ಗಂಟುಕಟ್ಟಿತು ಎಂದು ಅರ್ಥ. ಬೀದಿ ಲ್ಯಾಬುಗಳಲ್ಲಿ ಆ ತೆಳು ಮಾಡುವ ಕೆಲಸವೂ ನಡೆಯುವುದಿಲ್ಲ. ಗಾಜಿನ ಸ್ಲೈಡಿನ ಮೇಲೆ 80, 40, 20, 10, 5 ಮೈಕ್ರೋಲೀಟರ್ ಸೀರಮ್ ಇಟ್ಟು, ಪ್ರತಿಯೊಂದಕ್ಕೂ ಒಂದು ಹನಿ ಆಂಟಿಜನ್ ಬೆರೆಸಿ, ಒಂದು ನಿಮಿಷ ಅಲುಗಾಡಿಸಿ ಕಣ್ಣಲ್ಲಿ ನೋಡುತ್ತಾರೆ. 10 ಮೈಕ್ರೋಲೀಟರಿನ ಹನಿಯಲ್ಲಿ ಗಂಟು ಕಂಡರೆ 1:160 ಎಂದು ಬರೆಯುತ್ತಾರೆ. ಫೋನು ಬಂತೆಂದು ಒಂದು ನಿಮಿಷ ಮೂರಾದರೆ ಅಂಚು ಒಣಗಿ ಇಲ್ಲದ ಗಂಟು ಕಾಣುತ್ತದೆ. ಫ್ರಿಜ್ಜಿನ ಹಿಮದ ಗೋಡೆಗೆ ತಾಗಿ ಹೆಪ್ಪುಗಟ್ಟಿದ ಆಂಟಿಜನ್ ತಾನಾಗಿಯೇ ಗಂಟುಕಟ್ಟುತ್ತದೆ. ಅದನ್ನು ಹಿಡಿಯಲೆಂದೇ ಸೀರಮ್ ಬದಲು ಸಲೈನ್ ಬೆರೆಸಿದ ಒಂದು ಹನಿಯನ್ನು ಹೋಲಿಕೆಗೆ (ಕಂಟ್ರೋಲ್) ಇಡಬೇಕು, ಇಡುವವರು ವಿರಳ. ಸ್ಲೈಡಿನಲ್ಲಿ ಬಂದಿದ್ದನ್ನು ಟ್ಯೂಬಿನಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು ಖಚಿತಪಡಿಸಿಕೊಳ್ಳಬೇಕೆಂಬ ನಿಯಮವೂ ಪುಸ್ತಕದಲ್ಲೇ ಉಳಿದಿದೆ. ವೈಡಲ್ಲಿಗೆ ಏನಾದರೂ ಬೆಲೆ ಇದ್ದರೆ ಅದು ಜೋಡಿ ಪರೀಕ್ಷೆಗೆ: 7ರಿಂದ 10 ದಿನಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಒಂದೇ ಲ್ಯಾಬಿನಲ್ಲಿ ಟ್ಯೂಬ್ ವಿಧಾನದಲ್ಲಿ ನೋಡಿ, 1:80 ಇದ್ದದ್ದು 1:320 ಆಯಿತೇ ಎಂದು ಹೋಲಿಸಬೇಕು. ಅಷ್ಟು ದಿನ ಔಷಧವಿಲ್ಲದೆ ಯಾವ ರೋಗಿ ಕಾಯುತ್ತಾನೆ?

ಹಾಗಾದರೆ ಏನು ಮಾಡಿಸಬೇಕು? ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆ. ಅದನ್ನು ಆ್ಯಂಟಿಬಯಾಟಿಕ್‌ನ ಮೊದಲ ಡೋಸಿಗೆ ಮುಂಚೆಯೇ ತೆಗೆಸಬೇಕು. ಟೈಫಾಯ್ಡ್ ರೋಗಿಯ 1 ಮಿ.ಲೀ. ರಕ್ತದಲ್ಲಿ ಎಷ್ಟೋ ಸಲ ಒಂದು ಜೀವಂತ ರೋಗಾಣುವೂ ಇರುವುದಿಲ್ಲ. ಆದ್ದರಿಂದ ಸಿಗುವುದು ಬಿಡುವುದು ರಕ್ತದ ಪ್ರಮಾಣದ ಮೇಲೆ ನಿಂತಿದೆ. ದೊಡ್ಡವರಿಗೆ ಒಂದೊಂದು ಬಾಟಲಿಗೆ 8ರಿಂದ 10 ಮಿ.ಲೀ.ಯಂತೆ ಎರಡು ಬಾಟಲಿ ಬೇಕು. ಮಕ್ಕಳಿಗೆ ತೂಕ ನೋಡಿ ತೆಗೆಯುತ್ತಾರೆ, ಹಸುಗೂಸಿಗೆ 1ರಿಂದ 3 ಮಿ.ಲೀ. ಸಾಕು. ‘ಪಾಪ, ಇಷ್ಟೊಂದು ರಕ್ತ ಯಾಕೆ’ ಎಂದು ದೊಡ್ಡವರಿಗೂ 3 ಮಿ.ಲೀ.ಗೆ ನಿಲ್ಲಿಸಿದರೆ ನೆಗೆಟಿವ್ ಬರುವಂತೆ ನೀವೇ ಮಾಡಿಕೊಂಡ ಹಾಗೆ.

ತೆಗೆಯುವಾಗ ನೋಡಿಕೊಳ್ಳಿ. ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಅರ್ಧ ನಿಮಿಷ ಉಜ್ಜಿ ಒಣಗಲು ಬಿಡಬೇಕು. ಒಣಗಿದ ಮೇಲೆ ನರ ಎಲ್ಲಿದೆ ಎಂದು ಮತ್ತೆ ಬೆರಳಿಟ್ಟರೆ ಒರೆಸಿದ್ದು ವ್ಯರ್ಥ. ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದ ಮೇಲೆ ಒಳಗಿನ ರಬ್ಬರನ್ನೂ ಸ್ಪಿರಿಟ್ಟಿನಿಂದ ಒರೆಸಬೇಕು, ಆ ರಬ್ಬರ್ ಸ್ಟೆರೈಲ್ ಅಲ್ಲ. ಬೇರೆ ಟೆಸ್ಟಿಗೂ ರಕ್ತ ಬೇಕಿದ್ದರೆ ಮೊದಲು ಕಲ್ಚರ್ ಬಾಟಲಿ, ಆಮೇಲೆ ಉಳಿದ ಟ್ಯೂಬು. ತುಂಬಿದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಲೇಕೂಡದು. ಹೊರಗೇ ಇಟ್ಟು, ಆದಷ್ಟು 2 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಯಂತ್ರದಲ್ಲಿಟ್ಟರೆ ಟೈಫಾಯ್ಡ್ ರೋಗಾಣು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸುಳಿವು ಕೊಡುತ್ತದೆ. ಯಾವ ಔಷಧಿಗೆ ಬಗ್ಗುತ್ತದೆ ಎಂಬ ಪಟ್ಟಿಗೆ ಇನ್ನೊಂದೆರಡು ದಿನ. ನೆಗೆಟಿವ್ ಎಂಬ ಕೊನೆಯ ಮಾತು ಬರುವುದು 5 ದಿನಕ್ಕೆ.

ಕಲ್ಚರ್ ಕೂಡ ಎಲ್ಲವನ್ನೂ ಹಿಡಿಯುವುದಿಲ್ಲ. ನಿಜವಾದ ಟೈಫಾಯ್ಡಿನಲ್ಲಿ ಸುಮಾರು 40ರಿಂದ 60 ಶೇಕಡಾ ಮಾತ್ರ ಪಾಸಿಟಿವ್ ಬರುತ್ತದೆ, ಮೊದಲೇ ಮಾತ್ರೆ ನುಂಗಿದ್ದರೆ ಇನ್ನೂ ಕಡಿಮೆ. ಹಾಗಾಗಿ ಜ್ವರ ಏರುತ್ತಲೇ ಇದ್ದು, ಬಿಳಿ ರಕ್ತಕಣ ಏರದೆ, ಅದರಲ್ಲೇ ಒಂದು ಬಗೆಯಾದ ಇಯೊಸಿನೊಫಿಲ್ ಸೊನ್ನೆಗೆ ಇಳಿದು, ಮಲೇರಿಯಾ ಡೆಂಗಿ ಅಲ್ಲವೆಂದು ತಿಳಿದ ಮೇಲೆ, ವೈದ್ಯರು ರಕ್ತ ತೆಗೆದಿಟ್ಟುಕೊಂಡು ಔಷಧ ಶುರು ಮಾಡುತ್ತಾರೆ. ಅದು ಸರಿಯಾದ ಕ್ರಮ. ಶುರು ಮಾಡಿದ ಮೇಲೂ ಜ್ವರ ಇಳಿಯಲು 4ರಿಂದ 6 ದಿನ ಹಿಡಿಯುತ್ತದೆ. ಮೂರನೇ ದಿನಕ್ಕೇ ‘ಕೆಲಸ ಮಾಡುತ್ತಿಲ್ಲ’ ಎಂದು ಆಸ್ಪತ್ರೆ ಬದಲಿಸಬೇಡಿ. ಹೊಟ್ಟೆ ಉಬ್ಬರಿಸಿ ಗಟ್ಟಿಯಾಗುವುದು, ಮಲ ಕಪ್ಪಾಗುವುದು, ಮಂಪರು, ಇವು ಕಂಡರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ.

ನಿಮ್ಮ ಮಗಳಿಗೆ ಕೊಟ್ಟ ಐದು ದಿನದ ಇಂಜೆಕ್ಷನ್ ಬಗ್ಗೆ ಒಂದು ಮಾತು. ಅದು ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಆಗಿದ್ದರೆ, ಟೈಫಾಯ್ಡಿಗೆ ಅದನ್ನು 10ರಿಂದ 14 ದಿನ ಕೊಡುತ್ತಾರೆ. ಟೈಫಾಯ್ಡ್ ಆಗಿದ್ದರೆ ಐದು ದಿನ ಸಾಲದು, ಅಲ್ಲವಾಗಿದ್ದರೆ ಒಂದು ದಿನವೂ ಬೇಕಿರಲಿಲ್ಲ. ಜ್ವರ ಮತ್ತೆ ಬಂದರೆ, ಮಾತ್ರೆಗೆ ಮುಂಚೆ ಕಲ್ಚರ್.

ನನ್ನನ್ನು ಕಾಡುವುದು ದುಡ್ಡು ಹೋಗುವುದಲ್ಲ. ವೈಡಲ್ ಪಾಸಿಟಿವ್ ಎಂದ ಕೂಡಲೇ ಎಲ್ಲರೂ ಹುಡುಕುವುದನ್ನು ನಿಲ್ಲಿಸಿಬಿಡುತ್ತಾರೆ. ಸ್ಕ್ರಬ್ ಟೈಫಸ್ ಎಂಬ ಜ್ವರ ಹೆಸರಲ್ಲಿ ಹತ್ತಿರ, ರೋಗದಲ್ಲಿ ಬೇರೆಯೇ. ಅದಕ್ಕೆ ಬೇಕಾದದ್ದು ಡಾಕ್ಸಿಸೈಕ್ಲಿನ್. ಸೆಫ್ಟ್ರಿಯಾಕ್ಸೋನ್ ಬಾಟಲಿಗಟ್ಟಲೆ ಹೋದರೂ ಅದು ಜಗ್ಗುವುದಿಲ್ಲ. ಕಂಕುಳು, ತೊಡೆಸಂದಿಯಲ್ಲಿ ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ ಇದೆಯೇ ಎಂದು ಬಟ್ಟೆ ಸರಿಸಿ ನೋಡಿದರೆ ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ. ಕರಾವಳಿಯಲ್ಲಿ ಗದ್ದೆ ಕೆಲಸ ಮಾಡುವವರಿಗೆ ಇಲಿಜ್ವರ, ಮಲೆನಾಡಿನಲ್ಲಿ ಕಾಡಿಗೆ ಹೋಗಿ ಬಂದವರಿಗೆ ಮಂಗನ ಕಾಯಿಲೆ, ಇವನ್ನು ಕೇಳದೆ ‘ಟೈಫಾಯ್ಡ್ ಸ್ವಲ್ಪ ಇದೆ’ ಎಂದು ಗ್ಲೂಕೋಸ್ ಏರಿಸಿ ಕಳಿಸುವ ಡಿಗ್ರಿಯಿಲ್ಲದ ಡಾಕ್ಟರುಗಳಿಂದ ದೂರವಿರಿ. ‘ಸ್ವಲ್ಪ ಟೈಫಾಯ್ಡ್’ ಎಂಬ ರೋಗವೇ ಇಲ್ಲ.

ಪ್ರಶ್ನೆ: ನಾನು ಎಂ.ಡಿ. ವಿದ್ಯಾರ್ಥಿ. ಥೀಸಿಸ್‌ಗೆ ಕಲ್ಚರ್ ಪಾಸಿಟಿವ್ ರೋಗಿಗಳು ಸಾಕಷ್ಟು ಸಿಗುತ್ತಿಲ್ಲ. ವೈಡಲ್ ಪಾಸಿಟಿವ್ ಆದವರನ್ನೂ ಟೈಫಾಯ್ಡ್ ಎಂದು ಸೇರಿಸಿಕೊಳ್ಳಬಹುದೇ?

ಉತ್ತರ: ಸೇರಿಸಿಕೊಂಡರೆ ಥೀಸಿಸ್ ದಪ್ಪವಾಗುತ್ತದೆ, ಉತ್ತರ ಸುಳ್ಳಾಗುತ್ತದೆ. ಲಸಿಕೆಯ ಅಧ್ಯಯನವೊಂದನ್ನು ಉದಾಹರಣೆಗೆ ಇಟ್ಟುಕೊಂಡು ಒಂದು ಲೆಕ್ಕ ಮಾಡಿ. ಲಸಿಕೆ ಹಾಕದ ಗುಂಪಿನಲ್ಲಿ 50 ನಿಜವಾದ ಟೈಫಾಯ್ಡ್, ಅಷ್ಟೇ ದೊಡ್ಡದಾದ ಲಸಿಕೆ ಹಾಕಿದ ಗುಂಪಿನಲ್ಲಿ 10 ಎಂದಿಟ್ಟುಕೊಳ್ಳಿ. ಲಸಿಕೆಯ ಫಲ 80 ಶೇಕಡಾ. ಕಲ್ಚರ್ ಅರ್ಧವನ್ನಷ್ಟೇ ಹಿಡಿದರೆ 25 ಮತ್ತು 5, ಆಗಲೂ 80 ಶೇಕಡಾ. ಈಗ ವೈಡಲ್ ಹಿಡಿದುಕೊಂಡು ಎರಡೂ ಗುಂಪಿಗೆ ನೂರು ನೂರು ಸುಳ್ಳು ಪಾಸಿಟಿವ್ ಸೇರಿಸಿ: 150 ಮತ್ತು 110. ಫಲ 27 ಶೇಕಡಾಕ್ಕೆ ಕುಸಿಯಿತು. ಇದ್ದ ರೋಗವನ್ನು ಪರೀಕ್ಷೆ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಬಿಟ್ಟುಬಿಟ್ಟರೆ ಅನುಪಾತ ಕೆಡುವುದಿಲ್ಲ, ಇಲ್ಲದ್ದನ್ನು ಇದೆ ಎಂದರೆ ಕೆಡುತ್ತದೆ. ನೇಪಾಳದ ಲಲಿತಪುರದಲ್ಲಿ 9 ತಿಂಗಳಿನಿಂದ 16 ವರ್ಷದವರೆಗಿನ ಸುಮಾರು 20,000 ಮಕ್ಕಳ ಮೇಲೆ ಹೈದರಾಬಾದಿನಲ್ಲಿ ತಯಾರಾದ ಟೈಫಾಯ್ಡ್ ಕಾಂಜುಗೇಟ್ ಲಸಿಕೆಯನ್ನು ಪರೀಕ್ಷಿಸಿದಾಗ ಕಲ್ಚರ್ ಪಾಸಿಟಿವ್ ಆದವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡದ್ದು ಇದಕ್ಕೇ. 2019ರಲ್ಲಿ ಬಂದ ಮೊದಲ ಫಲಿತಾಂಶ 81.6 ಶೇಕಡಾ. ರೋಗಿಗಳು ಸಿಗದಿದ್ದರೆ ಕಲ್ಚರ್‌ಗೆ ಎಷ್ಟು ರಕ್ತ ಹೋಗುತ್ತಿದೆ, ಮೊದಲ ಡೋಸ್ ಯಾವಾಗ ಬಿತ್ತು ಎಂದು ನಿಮ್ಮ ವಾರ್ಡಿನಲ್ಲೇ ಅಳೆದು ನೋಡಿ. ಅದೇ ಒಳ್ಳೆಯ ಥೀಸಿಸ್ ಆಗುತ್ತದೆ.

ಪ್ರಶ್ನೆ: ವೈಡಲ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ಉತ್ತರ: ಹೋಗುವುದೇ ಬೇಡ.

ಪ್ರಶ್ನೆ: ಪಿಸಿಆರ್ ಮಾಡಿಸಿದರೆ ಟೈಫಾಯ್ಡ್ ಗ್ಯಾರಂಟಿ ಗೊತ್ತಾಗುತ್ತದಂತೆ?

ಉತ್ತರ: ಪಿಸಿಆರ್ ಹುಡುಕುವುದು ರೋಗಾಣುವಿನ ಡಿಎನ್ಎಯನ್ನು. ರಕ್ತದಲ್ಲಿ ರೋಗಾಣುವೇ ಅಷ್ಟು ಕಡಿಮೆ ಇರುವಾಗ ಗ್ಯಾರಂಟಿ ಎಲ್ಲಿಂದ ಬರಬೇಕು? ಆ ದುಡ್ಡಿಗೆ ಇನ್ನೊಂದು ಕಲ್ಚರ್ ಬಾಟಲಿ ತುಂಬಿಸಿ.

ಪ್ರಶ್ನೆ: ಮೈಯೆಲ್ಲ ಚೆಕಪ್ ಪ್ಯಾಕೇಜಿನಲ್ಲಿ ಎರಡು ರಿಪೋರ್ಟು ದಪ್ಪಕ್ಷರದಲ್ಲಿ ಬಂದಿವೆ. ಭಯವಾಗುತ್ತಿದೆ.

ಉತ್ತರ: ನಾರ್ಮಲ್ ಎಂಬ ಗೆರೆಯನ್ನು ಎಳೆಯುವುದೇ ಆರೋಗ್ಯವಂತರಲ್ಲಿ 95 ಶೇಕಡಾ ಜನ ಅದರೊಳಗೆ ಬರುವಂತೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿಸಿದರೆ ಏನೂ ಇಲ್ಲದವರಿಗೂ ಕನಿಷ್ಠ ಒಂದು ಗೆರೆ ದಾಟುವ ಸಾಧ್ಯತೆ 64 ಶೇಕಡಾ. ಯಾವ ತೊಂದರೆಗೆ ಮಾಡಿಸಿದಿರಿ ಎಂಬುದನ್ನು ನೀವು ಬರೆದಿಲ್ಲ, ಬಹುಶಃ ಯಾವುದಕ್ಕೂ ಅಲ್ಲ. ನಿಮ್ಮ ಮಾಮೂಲಿ ವೈದ್ಯರಿಗೆ ತೋರಿಸಿ, ಅವರು ಬೇಕೆಂದದ್ದನ್ನಷ್ಟೇ ಮತ್ತೆ ಮಾಡಿಸಿ.

ಪ್ರಶ್ನೆ: ನಮ್ಮ ತಂದೆಯವರನ್ನು ಆಸ್ಪತ್ರೆಯಲ್ಲಿ ಹೊಸ ಔಷಧದ ಟ್ರಯಲ್‌ಗೆ ಸೇರಿಸಲು ಸಹಿ ಕೇಳುತ್ತಿದ್ದಾರೆ. ನಮ್ಮವರನ್ನು ಪ್ರಯೋಗಪಶು ಮಾಡುತ್ತಾರೆಂದು ಅಮ್ಮ ಹೆದರಿದ್ದಾರೆ.

ಉತ್ತರ: ಟ್ರಯಲ್ ಎಂದ ಮಾತ್ರಕ್ಕೆ ಹೆದರಬೇಕಿಲ್ಲ, ಕೇಳಬೇಕಾದದ್ದನ್ನು ಕೇಳಿ. ಮೊದಲನೆಯದು ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ. ಇಂಥ ಟ್ರಯಲ್ ನೋಂದಣಿ 2009ರಿಂದ ಕಡ್ಡಾಯ, ಅದೂ ಮೊದಲ ರೋಗಿ ಸೇರುವುದಕ್ಕೆ ಮುಂಚೆ. ಆ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿದರೆ ಯಾರಿಗೆ ಏನು ಕೊಡುತ್ತಾರೆ ಎಂಬುದು ಸಿಗುತ್ತದೆ. ತಂದೆಯವರಿಗೆ ಅರ್ಥವಾಗುವ ಕನ್ನಡದಲ್ಲಿ ಒಪ್ಪಿಗೆ ಪತ್ರ ಇರಬೇಕು, ಅದರಲ್ಲಿ ಎಥಿಕ್ಸ್ ಕಮಿಟಿಯನ್ನು ಸಂಪರ್ಕಿಸುವ ವಿವರ ಇರಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಬರೆದಿರಬೇಕು. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಟ್ರಯಲ್ ನಡೆಸುವವರದೇ ಎಂಬುದೂ ಇರಬೇಕು. ಪತ್ರವನ್ನು ಮನೆಗೆ ಒಯ್ದು, ಅಮ್ಮನಿಗೂ ಓದಿ ಹೇಳಿ. ಸಹಿ ಮಾಡಬೇಕಾದವರು ತಂದೆಯವರು, ನೀವಲ್ಲ. ಸಹಿಯಾದ ಪತ್ರದ ಒಂದು ಪ್ರತಿ ಅವತ್ತೇ ನಿಮ್ಮ ಕೈಗೆ ಕೊಡುವುದಿಲ್ಲ ಎಂದರೆ ಪೆನ್ನು ಮುಚ್ಚಿಟ್ಟು ಎದ್ದು ಬನ್ನಿ.