ಟಿಡ್ಲಿವಿಕಿ: ಡೌನ್‌ಲೋಡ್ಸ್ ಫೋಲ್ಡರಿನ ಆ ರಾಶಿಯನ್ನು ಸದ್ಯಕ್ಕೆ ಅಳಿಸಬೇಡಿ

ಸೇವ್ ಮಾಡಿದಾಗಲೆಲ್ಲ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹೊಸದೊಂದು ಪ್ರತಿ ಬಂದು ಬೀಳುವ ಕಿರಿಕಿರಿಯನ್ನು ತಪ್ಪಿಸಿ, ಬ್ರೌಸರಿನಲ್ಲಿ ತೆರೆದು ಟಿಪ್ಪಣಿ ಬರೆಯುವ ತಂತ್ರಾಂಶವಾದ ಟಿಡ್ಲಿವಿಕಿ ತಾನಾಗಿಯೇ ಒಂದೇ ಫೈಲಿಗೆ ಸೇವ್ ಆಗಿ, ಆ ಫೈಲು ನಿಮ್ಮ ಎರಡೂ ಕಂಪ್ಯೂಟರುಗಳಿಗೆ ತಲುಪುವಂತೆ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ನೀವು ಬಯಸುವ ಈ ವ್ಯವಸ್ಥೆಯನ್ನು ನಾನು ಕೆಲವು ವರ್ಷಗಳ ಹಿಂದೆ ಬಹಳ ಅಚ್ಚುಕಟ್ಟಾಗಿ ಮಾಡಿಕೊಂಡಿದ್ದೆ. ಬರೆದದ್ದನ್ನು ಕಳೆದುಕೊಂಡದ್ದೂ ಅದರಿಂದಲೇ.

ಆಗ ನಾನು ಶಾಸನಗಳಲ್ಲಿ ಬರುವ ಕೆರೆಗಳ ಉಲ್ಲೇಖಗಳನ್ನು ಕಲೆಹಾಕುತ್ತಿದ್ದೆ. ಕರ್ನಾಟಕದ ಶಾಸನಗಳನ್ನು ಪ್ರಕಟಿಸಿರುವ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಗ್ರಂಥಾಲಯದಲ್ಲಿಯೇ ಕುಳಿತು ಓದಬೇಕಿತ್ತು, ಮನೆಗೆ ಕೊಡುತ್ತಿರಲಿಲ್ಲ. ಒಂದು ಶಾಸನಕ್ಕೆ ಒಂದು ಟಿಡ್ಲರ್ (ಟಿಡ್ಲಿವಿಕಿಯ ಬಿಡಿ ಟಿಪ್ಪಣಿ) ಎಂಬ ಲೆಕ್ಕದಲ್ಲಿ ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡಿ, ತಾಲೂಕು, ರಾಜವಂಶ, ‘ಬಿತ್ತುವಟ್ಟ’ (ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ), ‘ತೂಬು’ ಎಂದು ಟ್ಯಾಗ್ ಹಾಕುತ್ತಿದ್ದೆ. ಫೈಲನ್ನು ಇದ್ದಲ್ಲಿಯೇ ಸೇವ್ ಮಾಡುವ ಒಂದು ಎಕ್ಸ್‌ಟೆನ್ಷನ್ ಇತ್ತು, ಆಟೋಸೇವ್ ಆನ್ ಇತ್ತು, ಲ್ಯಾಪ್‌ಟಾಪನ್ನು ಮನೆಯ ವೈಫೈಗೆ ಸೇರಿಸಿದ ಕೂಡಲೇ ಫೋಲ್ಡರನ್ನು ಮನೆಯ ಡೆಸ್ಕ್‌ಟಾಪಿಗೆ ಸಿಂಕ್ ಮಾಡುವ ತಂತ್ರಾಂಶವೂ ಇತ್ತು. ಆ ತಂತ್ರಾಂಶದಲ್ಲಿ ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯವಿತ್ತಾದರೂ ನಾನು ಅದನ್ನು ಆನ್ ಮಾಡಿರಲಿಲ್ಲ. ಸಿಂಕ್ ಆಗುತ್ತಿರುವಾಗ ಬ್ಯಾಕಪ್ ಏಕೆ ಎಂಬುದು ನನ್ನ ಧೋರಣೆಯಾಗಿತ್ತು.

ಡೆಸ್ಕ್‌ಟಾಪಿನ ಬ್ರೌಸರಿನಲ್ಲಿ ಅದೇ ವಿಕಿಯ ಟ್ಯಾಬ್ ಒಂದು ವಾರಗಳಿಂದ ತೆರೆದೇ ಇತ್ತು. ಒಂದು ರಾತ್ರಿ ಅದರಲ್ಲಿ ಯಾವುದೋ ಪುಸ್ತಕದ ಪುಟಸಂಖ್ಯೆಯನ್ನು ಸೇರಿಸಿದೆ, ಅದು ಎಂದಿನಂತೆ ತಾನೇ ಸೇವ್ ಆಯಿತು. ಆಮೇಲೆ ‘ಬಿತ್ತುವಟ್ಟ’ ಟ್ಯಾಗನ್ನು ಒತ್ತಿದರೆ ಪಟ್ಟಿ ಚಿಕ್ಕದಾಗಿ ಕಂಡಿತು. ಲ್ಯಾಪ್‌ಟಾಪಿನಿಂದ ಇನ್ನೂ ಸಿಂಕ್ ಆಗಿಲ್ಲವೆಂದುಕೊಂಡು ಮಲಗಿದೆ.

ನಿಜಕ್ಕೂ ಸಿಂಕ್ ಆಗಿತ್ತು, ಡಿಸ್ಕಿನಲ್ಲಿ ಹೊಸ ಫೈಲೇ ಇತ್ತು. ಹಳೆಯದಾಗಿದ್ದದ್ದು ಟ್ಯಾಬ್. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಏಕೆಂದರೆ ಟಿಡ್ಲಿವಿಕಿ ಬಳಸುವ ಬಹಳ ಜನರಿಗೆ ಈ ವಿಷಯ ಗೊತ್ತಿರುವುದಿಲ್ಲ. ಟಿಡ್ಲಿವಿಕಿಯ ಎಚ್‌ಟಿಎಂಎಲ್ ಫೈಲಿನಲ್ಲಿ ನಿಮ್ಮ ಬರಹವೂ ಇದೆ, ಅದನ್ನು ತೋರಿಸುವ ಪ್ರೋಗ್ರಾಮೂ ಇದೆ. ಖಾಲಿ ಫೈಲೇ ಎರಡು ಮೆಗಾಬೈಟಿಗಿಂತ ದೊಡ್ಡದಾಗಿರುವುದು ಅದಕ್ಕಾಗಿಯೇ. ಪುಟ ತೆರೆದಾಗ ಎಲ್ಲವೂ ಬ್ರೌಸರಿನ ಮೆಮೊರಿಗೆ ಬರುತ್ತದೆ, ಅಲ್ಲಿಂದ ಮುಂದೆ ಡಿಸ್ಕಿನಲ್ಲಿರುವ ಫೈಲು ಏನಾಯಿತೆಂದು ಆ ಟ್ಯಾಬ್ ತಿರುಗಿ ನೋಡುವುದಿಲ್ಲ. ಸೇವ್ ಎಂದಾಗ ಅದು ಫೈಲಿಗೆ ಹೊಸ ಸಾಲನ್ನು ಸೇರಿಸುವುದೂ ಇಲ್ಲ. ಒಂದು ಬಾಬತ್ತು ಬರೆದುಕೊಳ್ಳಿ ಎಂದರೆ ಇಡೀ ಕಡತವನ್ನು ನೆನಪಿನಿಂದ ಹೊಸದಾಗಿ ಬರೆದು ಹಳೆಯದನ್ನು ಒಲೆಗೆ ಹಾಕುವ ಗುಮಾಸ್ತನಂತೆ, ತನ್ನ ಮೆಮೊರಿಯಲ್ಲಿ ಇರುವಷ್ಟನ್ನೂ ಫೈಲಿನ ಮೇಲೆ ಬರೆದುಬಿಡುತ್ತದೆ. ವಾರಗಳ ಹಿಂದಿನ ಮೆಮೊರಿಯುಳ್ಳ ಟ್ಯಾಬ್, ಒಂದು ಪುಟಸಂಖ್ಯೆಯ ನೆಪದಲ್ಲಿ, ಗ್ರಂಥಾಲಯದಲ್ಲಿ ಮಾಡಿದ ಕೆಲಸವನ್ನೆಲ್ಲ ಒರೆಸಿಹಾಕಿತು. ಸಿಂಕ್ ತಂತ್ರಾಂಶಕ್ಕೆ ಅದು ಸಹಜವಾದ ಹೊಸ ಬದಲಾವಣೆಯಾಗಿಯೇ ಕಂಡಿತು. ಎರಡೂ ಕಡೆ ಫೈಲು ಬೇರೆಬೇರೆಯಾಗಿ ಬದಲಾಗಿದ್ದರೆ ಎರಡನ್ನೂ ಉಳಿಸುವ ಕಾನ್‌ಫ್ಲಿಕ್ಟ್ ಪ್ರತಿಯಾದರೂ ಸಿಗುತ್ತಿತ್ತು. ಇಲ್ಲಿ ಬದಲಾದದ್ದು ಒಂದೇ ಕಡೆ, ಆದ್ದರಿಂದ ಲ್ಯಾಪ್‌ಟಾಪಿನ ಫೈಲೂ ಹಳೆಯದಾಯಿತು.

ಇಷ್ಟಾದರೂ ನನ್ನ ಟಿಪ್ಪಣಿಗಳು ಹೋಗಿರಲಿಲ್ಲ. ಬೆಳಿಗ್ಗೆ ಗ್ರಂಥಾಲಯದಲ್ಲಿ ಲ್ಯಾಪ್‌ಟಾಪ್ ತೆರೆದಾಗ, ಹಿಂದಿನ ದಿನ ಮುಚ್ಚದೆ ಬಿಟ್ಟಿದ್ದ ಟ್ಯಾಬಿನಲ್ಲಿ ಪೂರ್ತಿ ಪಟ್ಟಿ ಕಣ್ಣೆದುರಿಗೇ ಇತ್ತು. ಸದ್ಯ, ಎಲ್ಲ ಇದೆಯಲ್ಲ ಎಂದುಕೊಂಡು, ರಾತ್ರಿ ಸೇರಿಸಿದ ಪುಟಸಂಖ್ಯೆಯೂ ಬರಲಿ ಎಂದು ರಿಫ್ರೆಶ್ ಒತ್ತಿದೆ. ನನಗೆ ನಷ್ಟವಾದದ್ದು ಆ ಗಳಿಗೆಯಲ್ಲಿ. ಉಳಿಸದ ಬದಲಾವಣೆಯಿದ್ದರೆ ಸೇವ್ ಗುಂಡಿ ಕೆಂಪಾಗುತ್ತದೆ, ಪುಟ ಬಿಡುವಾಗ ಬ್ರೌಸರ್ ಎಚ್ಚರಿಸುತ್ತದೆ. ಆದರೆ ಆ ಟ್ಯಾಬಿನ ಲೆಕ್ಕದಲ್ಲಿ ಎಲ್ಲವೂ ಹಿಂದಿನ ದಿನವೇ ಸೇವ್ ಆಗಿದ್ದರಿಂದ ಯಾವ ಎಚ್ಚರಿಕೆಯೂ ಬರಲಿಲ್ಲ. ರಿಫ್ರೆಶ್‌ನ ಬದಲು ಸೇವ್ ಒತ್ತಿದ್ದರೆ, ಅಥವಾ ಎಲ್ಲ ಟಿಡ್ಲರುಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಂಡಿದ್ದರೆ, ಒಂದು ಪುಟಸಂಖ್ಯೆಯನ್ನು ಮತ್ತೆ ಬರೆಯುವಷ್ಟಕ್ಕೇ ಮುಗಿಯುತ್ತಿತ್ತು. ಹಳೆಯ ಟ್ಯಾಬೊಂದು ಹಾಳು ಮಾಡಿದ್ದನ್ನು ಇನ್ನೊಂದು ಹಳೆಯ ಟ್ಯಾಬ್ ಉಳಿಸುವುದಕ್ಕಿತ್ತು. ಪೆನ್‌ಡ್ರೈವಿನಲ್ಲಿದ್ದ ಪ್ರತಿ, ಆಗ ಓದುತ್ತಿದ್ದ ಸಂಪುಟವನ್ನು ಓದಲು ಆರಂಭಿಸುವುದಕ್ಕೂ ಮೊದಲಿನದು. ಸಂಪುಟವನ್ನು ಮತ್ತೆ ಮೊದಲಿಂದ ಓದಿದೆ.

ಆದ್ದರಿಂದ ನೀವು ಕಿರಿಕಿರಿ ಎನ್ನುತ್ತಿರುವ ‘ಟಿಪ್ಪಣಿ (1)’, ‘ಟಿಪ್ಪಣಿ (2)’ ಎಂಬ ಆ ರಾಶಿಯನ್ನು ನಾನು ಸಮಸ್ಯೆಯೆಂದು ಒಪ್ಪುವುದಿಲ್ಲ. ಅಂಥದ್ದೊಂದು ರಾಶಿ ನನ್ನಲ್ಲಿದ್ದಿದ್ದರೆ ಈ ಉತ್ತರವನ್ನೇ ಬರೆಯುತ್ತಿರಲಿಲ್ಲ. ಜೆರೆಮಿ ರಸ್ಟನ್ 2004ರಲ್ಲಿ ಟಿಡ್ಲಿವಿಕಿಯನ್ನು ಹೊರತಂದಾಗ, ವೆಬ್ ಪುಟವೊಂದು ತನ್ನನ್ನು ತಾನೇ ಡಿಸ್ಕಿಗೆ ಬರೆದುಕೊಳ್ಳಲು ಫೈರ್‌ಫಾಕ್ಸಿನಂಥ ಬ್ರೌಸರುಗಳು, ಬಳಕೆದಾರರ ಒಪ್ಪಿಗೆ ಕೇಳಿ, ಅವಕಾಶ ಕೊಡುತ್ತಿದ್ದವು. ಭದ್ರತೆಯ ಕಾರಣಕ್ಕೆ ಆ ಬಾಗಿಲು ಮುಚ್ಚಿತು. ಆಮೇಲೆ ನೆರವಿಗಿದ್ದ ಟಿಡ್ಲಿಫಾಕ್ಸ್ ಎಂಬ ಆಡ್‌ಆನ್ ಕೂಡ 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಬಂದಾಗ ನಿಂತುಹೋಯಿತು. ಬೇರೆ ನೆರವಿಲ್ಲದ ಬ್ರೌಸರಿಗೆ ಉಳಿದದ್ದು ಡೌನ್‌ಲೋಡ್ ದಾರಿ. ಅದರ ದೋಷ ಒಂದೇ: ಬುಕ್‌ಮಾರ್ಕ್ ಮೊದಲ ಫೈಲನ್ನೇ ತೆರೆಯುತ್ತದೆ, ಹೊಸ ಬರಹ ಇನ್ನೊಂದರಲ್ಲಿರುತ್ತದೆ. ಎಲ್ಲಿ ಉಳಿಸಬೇಕೆಂದು ಪ್ರತಿ ಸಲ ಕೇಳುವಂತೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿ, ದಿನಾಂಕವನ್ನು ಹೆಸರಿನಲ್ಲಿ ಸೇರಿಸಿ ಉಳಿಸಿದರೆ ಆ ದೋಷವೂ ಹೋಗುತ್ತದೆ.

ಒಂದೇ ಫೈಲು ಬೇಕೇಬೇಕು ಎನ್ನುವುದಾದರೆ ಟಿಡ್ಲಿವಿಕಿಗೆಂದೇ ಇರುವ ಟಿಡ್ಲಿಡೆಸ್ಕ್‌ಟಾಪ್ ಎಂಬ ಪ್ರೋಗ್ರಾಮನ್ನು ಬಳಸಿ, ಸೇವ್ ಮಾಡಿದಾಗಲೆಲ್ಲ ಹಿಂದಿನ ಪ್ರತಿಯನ್ನು ಅದು ಪಕ್ಕದ ಫೋಲ್ಡರಿನಲ್ಲಿ ಇಡಬಲ್ಲದು. ಬ್ರೌಸರೇ ಬೇಕಾದರೆ, ಫೈಲನ್ನು ಇದ್ದಲ್ಲಿಯೇ ಸೇವ್ ಮಾಡುವ ಟಿಮಿಮಿ ಎಂಬ ಎಕ್ಸ್‌ಟೆನ್ಷನ್ ಇದೆ. ಎರಡು ಕಂಪ್ಯೂಟರುಗಳಿದ್ದರೆ ಆಟೋಸೇವ್ ಮಾತ್ರ ಬೇಡ. ನನ್ನ ಪಾಲಿಗೆ ಅದು ರಕ್ಷಣೆಯಾಗಿರಲಿಲ್ಲ. ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ ಇಡುವ ಪ್ಲಗಿನ್ನನ್ನು ಯಾರಾದರೂ ಸೂಚಿಸಿದರೆ, ಸೈಟ್ ಡೇಟಾವನ್ನು ಅಳಿಸಿದ ದಿನ ಅದೂ ಹೋಗುತ್ತದೆ ಎಂಬುದನ್ನು ನೆನಪಿಡಿ.

ನಾನು ಈಗ ಬಳಸುವುದು ನೋಡ್‌ಜೆಎಸ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ನಡೆಸುವ ತಂತ್ರಾಂಶ) ಮೇಲೆ ನಡೆಯುವ ಟಿಡ್ಲಿವಿಕಿಯ ಸರ್ವರ್ ರೂಪವನ್ನು. ಟರ್ಮಿನಲ್ ಕಂಡರೆ ಹಿಂಜರಿಯುವವರಿಗೆ ಮೊದಲ ದಿನ ಕಷ್ಟವೆನಿಸಬಹುದು. ಅದರಲ್ಲಿ ಪ್ರತಿ ಟಿಡ್ಲರೂ ಬೇರೆಯೇ ಒಂದು ಪಠ್ಯ ಫೈಲು, ಬದಲಾದ ಟಿಡ್ಲರ್ ಮಾತ್ರ ಡಿಸ್ಕಿಗೆ ಹೋಗುತ್ತದೆ. ಹಳೆಯ ಟ್ಯಾಬ್ ಕೆಡಿಸಿದರೂ ಒಂದು ಶಾಸನದ ಟಿಪ್ಪಣಿಯನ್ನಷ್ಟೇ ಕೆಡಿಸೀತು. ಆ ಫೋಲ್ಡರಿಗೆ, ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ತಂತ್ರಾಂಶವನ್ನು ಜೋಡಿಸಿರುವುದರಿಂದ ಯಾವ ಸಾಲು ಯಾವಾಗ ಬದಲಾಯಿತೆಂಬುದೂ ತಿಳಿಯುತ್ತದೆ.

ಈಗ ನಿಮ್ಮಲ್ಲಿರುವ ರಾಶಿಯ ವಿಚಾರ. ಪ್ರತಿಗಳನ್ನು ಒಂದೊಂದಾಗಿ ತೆರೆದು ಬಲಬದಿಯ ‘ರೀಸೆಂಟ್’ ಪಟ್ಟಿಯನ್ನು ನೋಡಿ. ಫೈಲಿನ ತಾರೀಖನ್ನಾಗಲಿ ಗಾತ್ರವನ್ನಾಗಲಿ ನಂಬಬೇಡಿ: ಹಳೆಯ ಟ್ಯಾಬಿನಿಂದ ಇಂದು ಸೇವ್ ಆದ ಪ್ರತಿಗೆ ಇಂದಿನ ತಾರೀಖೇ ಇರುತ್ತದೆ, ಒಂದು ಚಿತ್ರ ಸೇರಿದರೂ ಗಾತ್ರ ಹೆಚ್ಚುತ್ತದೆ. ಹೆಚ್ಚು ಪೂರ್ಣವಾಗಿರುವುದನ್ನು ಆರಿಸಿ, ಅದರದೊಂದು ನಕಲನ್ನು ತೆಗೆದಿಟ್ಟು, ಉಳಿದ ಫೈಲುಗಳನ್ನು ಒಂದೊಂದಾಗಿ ಎಳೆದು ಅದರ ಕಿಟಕಿಯ ಮೇಲೆ ಬಿಡಿ. ಇಂಪೋರ್ಟ್ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಅದೇ ಶೀರ್ಷಿಕೆಯ ಟಿಡ್ಲರ್ ಈಗಾಗಲೇ ಇದ್ದರೆ ಇಂಪೋರ್ಟ್ ಅದರ ಮೇಲೆಯೇ ಬರೆಯುತ್ತದೆ, ಆದ್ದರಿಂದ ಎಲ್ಲದರ ಗುರುತನ್ನೂ ಮೊದಲು ತೆಗೆದು, ಇಲ್ಲದವುಗಳಿಗೆ ಮಾತ್ರ ಗುರುತು ಹಾಕಿ. ನೀವು ಬೇಕೆಂದೇ ಅಳಿಸಿದ ಮತ್ತು ಹೆಸರು ಬದಲಿಸಿದ ಟಿಡ್ಲರುಗಳೂ ಈ ‘ಇಲ್ಲದವು’ಗಳ ಸಾಲಿನಲ್ಲಿ ಹಳೆಯ ಹೆಸರಿನಲ್ಲಿ ಬಂದು ನಿಂತಿರುತ್ತವೆ, ಅವುಗಳನ್ನು ನೀವೇ ಗುರುತಿಸಿ ಬಿಡಬೇಕು.